ಲಿಂಕ್ ಹೋದರೂ ಪುಸ್ತಕ ಸಿಗಬೇಕು

ಕಳೆದ ತಿಂಗಳು ಈ ಅಂಕಣದಲ್ಲಿ ಇಂಟರ್ನೆಟ್‌ನಲ್ಲಿ ಓದಲು ಸಿಗುವ ಹಳೇ ಕನ್ನಡ ಪುಸ್ತಕಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ ಮಾತು: ಇವತ್ತು ಸಿಕ್ಕಿದ ಪುಸ್ತಕ ನಾಳೆಯೂ ಸಿಗುತ್ತಾ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂರು ವರ್ಷದ ಹಿಂದೆ ಬರೆದ ಅಧ್ಯಾಯದಲ್ಲಿ 62 ಲಿಂಕ್ ಕೊಟ್ಟಿದ್ದೆ. ಅದರಲ್ಲಿ 23 ಈಗ ತೆರೆಯುತ್ತಿಲ್ಲ. ಹಲವು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೇ ಲಿಂಕ್‌ಗಳು. "ಎಲ್ಲದಕ್ಕೂ ಡಿಒಐ ಅನ್ನುವ ಕಾಯಂ ನಂಬರ್ ಹಾಕಿ" ಎನ್ನುತ್ತಾರೆ ಗೈಡ್ ಸರ್. 1930ರ ಕನ್ನಡ ಪುಸ್ತಕಕ್ಕೆ ಡಿಒಐ ಎಲ್ಲಿಂದ ತರಲಿ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಲಿಂಕ್ ಹೋಗಿದ್ದು ನಿಮ್ಮ ತಪ್ಪಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷ ಕಳೆಯುವಷ್ಟರಲ್ಲಿ ಇಲ್ಲವಾಗಿದ್ದವು. ನಿಮ್ಮ ಲೆಕ್ಕವೂ ಹೆಚ್ಚುಕಡಿಮೆ ಅಲ್ಲೇ ಬಂದು ನಿಂತಿದೆ.

ಇದು ಯಾಕೆ ಆಗುತ್ತದೆ ಅನ್ನುವುದಕ್ಕೆ ನಾನು 31 ವರ್ಷ ಕೆಲಸ ಮಾಡಿದ ಕಾಲೇಜು ಲೈಬ್ರರಿಯ ಎರಡು ನಂಬರ್‌ಗಳ ಬಗ್ಗೆ ಹೇಳಬೇಕು. ಹೊಸ ಪುಸ್ತಕ ಬಂದ ದಿನ ನಾವು ಮೊದಲು ಮಾಡುತ್ತಿದ್ದ ಕೆಲಸ ದಪ್ಪ ರಿಜಿಸ್ಟರ್‌ನಲ್ಲಿ ಅದನ್ನು ಬರೆದುಕೊಳ್ಳುವುದು. ಅಲ್ಲಿ ಸಿಗುವುದೇ ಅಕ್ಸೆಷನ್ ನಂಬರ್. ಅದನ್ನು ಟೈಟಲ್ ಪುಟದ ಹಿಂದೆ ಒಂದು ಸಲ, ಒಳಗಿನ ಒಂದು ಗುಟ್ಟಿನ ಪುಟದಲ್ಲಿ ಇನ್ನೊಂದು ಸಲ ಬರೆಯುತ್ತಿದ್ದೆವು. ನಮ್ಮಲ್ಲಿ ಗುಟ್ಟಿನ ಪುಟ 51. ಯಾರಾದರೂ ಮೊದಲ ಪುಟ ಹರಿದರೂ 51 ತೆಗೆದು ನೋಡಿದರೆ ನಮ್ಮ ಪುಸ್ತಕ ಅಂತ ಗೊತ್ತಾಗುತ್ತಿತ್ತು. ಎರಡನೆಯದು ಬೆನ್ನಿಗೆ ಅಂಟಿಸುವ ಕಾಲ್ ನಂಬರ್. ಪುಸ್ತಕ ಯಾವ ಕಪಾಟಿನಲ್ಲಿ, ಯಾವ ಪುಸ್ತಕದ ಪಕ್ಕ ಕೂರಬೇಕು ಅನ್ನುವುದನ್ನು ಅದು ಹೇಳುತ್ತದೆ.

ನಾವು ಕೋಲನ್ ವರ್ಗೀಕರಣದಿಂದ ಡ್ಯೂಯಿ ಪದ್ಧತಿಗೆ ಬದಲಾದಾಗ ಎಲ್ಲ ಪುಸ್ತಕಗಳ ಬೆನ್ನಿನ ಚೀಟಿ ಬ್ಲೇಡಿನಿಂದ ಕೆರೆದು ತೆಗೆದು ಹೊಸದು ಅಂಟಿಸಿದೆವು. ಎರಡು ಬೇಸಿಗೆ ರಜೆ ಹಿಡಿಯಿತು. ಆದರೆ ರಿಜಿಸ್ಟರ್‌ನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಪುಸ್ತಕ ಕಳೆದರೆ ಆ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ "ಕಳೆದಿದೆ" ಅಂತ ಬರೆಯುತ್ತಿದ್ದೆವು. ಆ ನಂಬರನ್ನು ಬೇರೆ ಪುಸ್ತಕಕ್ಕೆ ಎಂದೂ ಕೊಡುತ್ತಿರಲಿಲ್ಲ.

ನಿಮ್ಮ 23 ಲಿಂಕ್‌ಗಳು ಬೆನ್ನಿನ ಚೀಟಿಗಳು. ಯಾರೋ ಕಪಾಟು ಬದಲಿಸಿದ್ದಾರೆ, ಚೀಟಿ ಕೆಲಸಕ್ಕೆ ಬಾರದಂತಾಗಿದೆ. ನೀವು ಹುಡುಕಬೇಕಾದ್ದು ಆ ಪುಸ್ತಕದ ಅಕ್ಸೆಷನ್ ನಂಬರ್, ಅಂದರೆ ಕಾಯಂ ಗುರುತು. ಡಿಒಐ ಅಂಥ ಒಂದು ಗುರುತು, ಅಷ್ಟೇ. ಬೇರೆಯವೂ ಇವೆ.

ಈಗ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕೈ ಜೋಡಿಸಿ, ಹತ್ತು ಲಕ್ಷ ಪುಸ್ತಕ ಸ್ಕ್ಯಾನ್ ಮಾಡುವ ದೊಡ್ಡ ಯೋಜನೆಯ ಭಾಗವಾಗಿ ಶುರುವಾದ ಕೆಲಸ ಅದು. ಕನ್ನಡದ ಎಷ್ಟೋ ಹಳೇ ಪುಸ್ತಕ ಮೊದಲ ಸಲ ಮನೆಯಲ್ಲೇ ಕೂತು ಓದುವಂತಾಗಿದ್ದು ಅದರಿಂದ. ಆ ತಾಣ ಈಗ ಮೊದಲಿನ ವಿಳಾಸದಲ್ಲಿ ಸಿಗುವುದಿಲ್ಲ. ಆದರೆ ಅಲ್ಲಿದ್ದ ಪುಸ್ತಕಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಡಿಜಿಟಲ್ ಲೈಬ್ರರಿಗೆ ಪ್ರತಿ ಮಾಡಿ ಇಟ್ಟಿದ್ದಾರೆ.

ಹಾಗೆ ಪ್ರತಿ ಮಾಡುವಾಗ ಅವರು ಒಂದು ಒಳ್ಳೇ ಕೆಲಸ ಮಾಡಿದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಹಳೇ ತಾಣದ ಕೊನೆಯ ವರ್ಷಗಳಲ್ಲಿ ಪುಸ್ತಕದ ವಿಳಾಸದ ಬಾಲದಲ್ಲಿ 2015, ಒಂದು ಓರೆಗೆರೆ, ಆಮೇಲೆ ಒಂದು ಸಂಖ್ಯೆ ಇರುತ್ತಿತ್ತು. ಅದು 12345 ಅಂದುಕೊಳ್ಳಿ. ಆರ್ಕೈವ್‌ನಲ್ಲಿ ಅದೇ ಪುಸ್ತಕದ ಗುರುತು "ಇನ್ ಡಾಟ್ ಅರ್ನೆಟ್ ಡಾಟ್ ಡಿಎಲ್‌ಐ ಡಾಟ್ 2015 ಡಾಟ್ 12345". ವಿಳಾಸ ಪೂರ್ತಿ ಹೋಯಿತು, ನಂಬರ್ ಮಾತ್ರ ಜೊತೆಗೇ ಬಂತು. ಸ್ಕ್ಯಾನ್ ಮಾಡುವಾಗ ಕೊಟ್ಟಿದ್ದ ಬಾರ್‌ಕೋಡ್ ಸಂಖ್ಯೆಯನ್ನೂ ಪುಸ್ತಕದ ವಿವರದಲ್ಲಿ ಉಳಿಸಿದ್ದಾರೆ. ನಿಮ್ಮ ಹಳೇ ಲಿಂಕ್‌ನ ಬಾಲ ತೆಗೆದುಕೊಂಡು ಆರ್ಕೈವ್‌ನಲ್ಲಿ ಹುಡುಕಿ. ಸಿಗುವ ಸಾಧ್ಯತೆ ತುಂಬಾ ಇದೆ.

ಸಿಕ್ಕಿದ ಮೇಲೆ ಅಡಿಟಿಪ್ಪಣಿ ಬರೆಯುವಾಗ ಲೇಖಕರು, ಪುಸ್ತಕ, ಪ್ರಕಾಶಕರು, ಊರು, ವರ್ಷ, ಪುಟ ಎಲ್ಲ ಮೊದಲಿನಂತೆಯೇ ಬರೆಯಿರಿ. ಲಿಂಕ್ ಇದೆ ಅಂತ ಇವನ್ನು ಬಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಅದರ ಮುಂದೆ ಆರ್ಕೈವ್‌ನ ಗುರುತು ಹಾಕಿ. ಅದೇ ಪುಟದಲ್ಲಿ ಕೆಳಗೆ ಇಳಿದರೆ "ಆರ್ಕ್" ಅಂತ ಇನ್ನೊಂದು ಗುರುತೂ ಕಾಣುತ್ತದೆ. ಅದರಲ್ಲಿ 13960 ಅನ್ನುವುದು ಇಂಟರ್ನೆಟ್ ಆರ್ಕೈವ್‌ನ ಸಂಖ್ಯೆ, ಮುಂದಿನದು ಪುಸ್ತಕದ್ದು. ಅದನ್ನೂ ಬರೆದುಕೊಳ್ಳಿ. ಪಿಎಚ್.ಡಿ. ಪ್ರಬಂಧಗಳನ್ನು ಉಲ್ಲೇಖಿಸುವಾಗ, ನಮ್ಮ ದೇಶದ ಪ್ರಬಂಧಗಳ ಸಂಗ್ರಹವಾದ ಶೋಧಗಂಗಾದ ಹ್ಯಾಂಡಲ್ ಅನ್ನುವ ಕಾಯಂ ಲಿಂಕ್ ಕೊಡಿ, 10603 ಇರುವಂಥದ್ದು. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಕಾಣುವ ಉದ್ದನೆಯ ವಿಳಾಸ ನಕಲು ಮಾಡಬೇಡಿ.

ಪುಸ್ತಕವಲ್ಲದ ಸಾದಾ ವೆಬ್ ಪುಟ ಆದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಹಳೇ ವಿಳಾಸ ಹಾಕಿ ನೋಡಿ. ಇನ್ನು ಮುಂದೆ ಯಾವ ಪುಟ ಉಲ್ಲೇಖಿಸಿದರೂ ಆ ದಿನವೇ ಅಲ್ಲಿ ಉಳಿಸಿ, ಉಳಿಸಿದ ಲಿಂಕನ್ನೇ ಕೊಡಿ. ಆ ಲಿಂಕ್ ಒಳಗೆ 14 ಅಂಕಿ ಇರುತ್ತವೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್. ನೀವು ನೋಡಿದ್ದು ಯಾವ ಕ್ಷಣದ ಪುಟ ಅನ್ನುವುದಕ್ಕೆ ಅದೇ ಸಾಕ್ಷಿ.

ಗೈಡ್ ಸರ್‌ಗೆ ಈ ಉತ್ತರ ತೋರಿಸಿ. ಡಿಒಐ ಇದ್ದ ಕಡೆ ಡಿಒಐ, ಇಲ್ಲದ ಕಡೆ ಆರ್ಕ್ ಅಥವಾ ಹ್ಯಾಂಡಲ್. ಅವರು ಒಪ್ಪುತ್ತಾರೆ ಅಂತ ನನಗೆ ಭರವಸೆ ಇದೆ.

ಪ್ರಶ್ನೆ: ನನ್ನ ಮಗ ಕಳಿಸಿದ ವಿಜ್ಞಾನ ಲೇಖನದ ಕೊನೆಗೆ 10ರಿಂದ ಶುರುವಾಗುವ ಉದ್ದ ಸಂಖ್ಯೆ ಇತ್ತು. ಡಿಒಐ ಅಂದರೆ ಇದೇನಾ? ಪುಸ್ತಕದ ಹಿಂದೆ ಇರುವ ಐಎಸ್‌ಬಿಎನ್‌ಗೂ ಇದಕ್ಕೂ ಏನು ವ್ಯತ್ಯಾಸ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಹೌದು ಮೇಷ್ಟ್ರೇ, ಅದೇ. ಡಿಒಐ ಯಾವಾಗಲೂ 10 ಮತ್ತು ಒಂದು ಚುಕ್ಕಿಯಿಂದ ಶುರುವಾಗುತ್ತದೆ. ಓರೆಗೆರೆಯ ಮುಂಚಿನದು ನೋಂದಾಯಿಸಿದವರ ಸಂಖ್ಯೆ, ನಂತರದ್ದು ಆ ಲೇಖನದ್ದು.

ನಿಮಗೆ ಸರ್ವೆ ನಂಬರಿನ ಉದಾಹರಣೆ ಹೇಳಿದರೆ ಬೇಗ ಗೊತ್ತಾಗುತ್ತದೆ. ಊರಲ್ಲಿ ಒಂದು ಗದ್ದೆಗೆ "ಹೊಳೆಬದಿ ಗದ್ದೆ" ಅಂತಲೋ "ಹುಣಸೇಮರದ ಗದ್ದೆ" ಅಂತಲೋ ಹೆಸರು. ಮರ ಕಡಿದ ಮೇಲೆ ಹೊಸಬರಿಗೆ ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಸರ್ವೆ ನಂಬರ್ ಹಾಗಲ್ಲ. ಜಮೀನು ಮಾರಿದರೂ, ಮಕ್ಕಳ ಹೆಸರಿಗೆ ಬಂದರೂ ಬದಲಾಗುವುದು ಪಹಣಿಯ ಮಾಲೀಕರ ಕಾಲಂ. ನಂಬರ್ ಅದೇ ಇರುತ್ತದೆ. ಪೋಡಿ ಆದಾಗಲೂ 45 ಹೋಗಿ 45/1, 45/2 ಬರುತ್ತದೆ, ಮೂಲ ಮರೆಯಾಗುವುದಿಲ್ಲ.

ಡಿಒಐ ನಡೆಯುವುದು ಹೀಗೆಯೇ. ನಂಬರಿನ ಎದುರು ಒಂದು ದಾಖಲೆ ಇರುತ್ತದೆ. ಅದರಲ್ಲಿ ಲೇಖನ ಇವತ್ತು ಯಾವ ವಿಳಾಸದಲ್ಲಿದೆ ಅಂತ ಬರೆದಿರುತ್ತದೆ. ನೀವು ಡಿಒಐ ಒತ್ತಿದಾಗ ಅದು ಆ ದಾಖಲೆ ನೋಡಿ ನಿಮ್ಮನ್ನು ಅಲ್ಲಿಗೆ ಕಳಿಸುತ್ತದೆ. ಪತ್ರಿಕೆ ಬೇರೆ ಪ್ರಕಾಶಕರ ಕೈಗೆ ಹೋದರೆ ಅವರು ದಾಖಲೆಯ ವಿಳಾಸ ತಿದ್ದುತ್ತಾರೆ. ಹತ್ತು ವರ್ಷದ ಹಿಂದೆ ನೀವು ಡೈರಿಯಲ್ಲಿ ಬರೆದುಕೊಂಡ ನಂಬರ್ ತಿದ್ದಬೇಕಾಗಿಲ್ಲ.

ಇದರ ಕೆಳಗೆ ಕೆಲಸ ಮಾಡುವ ಯಂತ್ರಕ್ಕೆ ಹ್ಯಾಂಡಲ್ ವ್ಯವಸ್ಥೆ ಅಂತ ಹೆಸರು. ಇಂಟರ್ನೆಟ್‌ನ ಮೂಲ ನಿಯಮವಾದ ಟಿಸಿಪಿ/ಐಪಿ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ರಾಬರ್ಟ್ ಕಾನ್ ಅವರ ಸಂಸ್ಥೆಯಲ್ಲಿ ಹುಟ್ಟಿದ್ದು ಅದು. ಕಂಪ್ಯೂಟರ್‌ಗಳಿಗೆ ಒಂದಕ್ಕೊಂದು ಮಾತಾಡಲು ಕಲಿಸಿದವರೇ ಆಮೇಲೆ ಪುಸ್ತಕಕ್ಕೂ ಲೇಖನಕ್ಕೂ ಕಾಯಂ ಹೆಸರು ಬೇಕು ಅಂತ ತಲೆ ಕೆಡಿಸಿಕೊಂಡರು ನೋಡಿ. 2000ದಲ್ಲಿ ಪ್ರಕಾಶಕರು ಸೇರಿ ಕ್ರಾಸ್‌ರೆಫ್ ಅನ್ನುವ ಸಂಸ್ಥೆ ಕಟ್ಟಿಕೊಂಡರು. ಅಲ್ಲೊಂದರಲ್ಲೇ ಈಗ 15 ಕೋಟಿಗೂ ಹೆಚ್ಚು ದಾಖಲೆಗಳಿವೆ. ಸಂಶೋಧನೆಯ ದತ್ತಾಂಶಕ್ಕೆ ಅಂತಲೇ 2009ರಲ್ಲಿ ಡೇಟಾಸೈಟ್ ಬಂತು.

ಐಎಸ್‌ಬಿಎನ್ ಇದಕ್ಕಿಂತ ಹಿರಿಯದು. 1970ರಲ್ಲೇ ಅಂತರರಾಷ್ಟ್ರೀಯ ಮಾನಕ ಆಯಿತು, 2007ರಿಂದ 13 ಅಂಕಿ. ನಮ್ಮ ದೇಶದ ಪುಸ್ತಕಗಳಲ್ಲಿ 978ರ ಮುಂದೆ 81 ಅಥವಾ 93 ಕಾಣುತ್ತದೆ. ಅದು ಒಂದು ಪುಸ್ತಕದ ಒಂದು ಮುದ್ರಣ ರೂಪವನ್ನು ಗುರುತಿಸುತ್ತದೆ. ಗಟ್ಟಿ ರಟ್ಟಿನದಕ್ಕೆ ಒಂದು, ಮೆತ್ತನೆ ರಟ್ಟಿನದಕ್ಕೆ ಇನ್ನೊಂದು. ಆದರೆ ಐಎಸ್‌ಬಿಎನ್ ಒತ್ತಿದರೆ ಪುಸ್ತಕ ತೆರೆದುಕೊಳ್ಳುವುದಿಲ್ಲ. ಅದು ಅಂಗಡಿಗೂ ಲೈಬ್ರರಿಗೂ ಬೇಕಾದ ಹೆಸರು. ಓದುಗರನ್ನು ಕೈ ಹಿಡಿದು ಕರೆದುಕೊಂಡು ಹೋಗುವ ಕೆಲಸ ಅದರದ್ದಲ್ಲ.

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಲೈಬ್ರೇರಿಯನ್. ಡಿಸ್ಪೇಸ್ ಅನ್ನುವ ಡಿಜಿಟಲ್ ಸಂಗ್ರಹದ ತಂತ್ರಾಂಶ ಹಾಕಿ ಕಾಲೇಜಿನ ಹಳೇ ಪ್ರಶ್ನೆಪತ್ರಿಕೆ, ವಾರ್ಷಿಕ ಸಂಚಿಕೆ ಎಲ್ಲ ಏರಿಸುತ್ತಿದ್ದೇನೆ. ಪ್ರತಿಯೊಂದಕ್ಕೂ 123456789, ಓರೆಗೆರೆ, ಆಮೇಲೆ ಒಂದು ಸಂಖ್ಯೆ ತಾನಾಗೇ ಬರುತ್ತಿದೆ. ಇದೇ ನಮ್ಮ ಕಾಯಂ ಗುರುತು ಅಂದುಕೊಳ್ಳಬಹುದಾ?
— ಗ್ರಂಥಪಾಲಕರು, ಹೊಸಪೇಟೆ

ಉತ್ತರ: ಖಂಡಿತ ಬೇಡ. ನೀವು ಈಗಲೇ ಕೇಳಿದ್ದು ಒಳ್ಳೆಯದಾಯಿತು.

123456789 ಅನ್ನುವುದು ಡಿಸ್ಪೇಸ್ ತಂತ್ರಾಂಶ ಮಾಡಿದವರು ಪರೀಕ್ಷೆಗೆ ಅಂತ ಇಟ್ಟ ಸಂಖ್ಯೆ. ಹೊಸ ಮನೆಗೆ ಬಾಗಿಲು ಕೂರಿಸುವಾಗ ಬಡಗಿ ಸೀಮೆಸುಣ್ಣದಲ್ಲಿ ಗೀಚಿದ ಗುರುತಿನ ಹಾಗೆ. ಅದನ್ನೇ ಮನೆ ನಂಬರ್ ಅಂದುಕೊಂಡರೆ ಅಂಚೆಯವರು ಹೇಗೆ ಬರುತ್ತಾರೆ? ಎಮ್‌ಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಡಿಸ್ಪೇಸ್ ಹೊರತಂದವು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಕಾಲೇಜುಗಳು ಈ ಸಂಖ್ಯೆಯನ್ನು ಹಾಗೇ ಬಿಟ್ಟಿವೆ. ನಿಮ್ಮ ಕಾಲೇಜಿನ 123456789/57 ಒಂದು ಪ್ರಶ್ನೆಪತ್ರಿಕೆ ಆದರೆ, ಇನ್ನೊಂದು ಊರಿನ ಕಾಲೇಜಿನ 123456789/57 ಯಾರದೋ ಪ್ರಬಂಧ. ಒಂದೇ ನಂಬರ್ ನೂರು ಕಡೆ ಇದ್ದರೆ ಅದು ಗುರುತು ಹೇಗಾಗುತ್ತದೆ?

ಮಾಡಬೇಕಾದ್ದು ಇಷ್ಟು. ಹ್ಯಾಂಡಲ್ ನೋಂದಣಿ ಸಂಸ್ಥೆಯಿಂದ ನಿಮ್ಮ ಕಾಲೇಜಿಗೆ ಅಂತ ಒಂದು ಪ್ರಿಫಿಕ್ಸ್, ಅಂದರೆ ಓರೆಗೆರೆಯ ಮುಂಚೆ ಬರುವ ಸಂಖ್ಯೆ ಪಡೆಯಿರಿ. ಅದಕ್ಕೆ ವರ್ಷ ವರ್ಷ ಕಟ್ಟುವ ಒಂದು ಶುಲ್ಕ ಇದೆ. ಹ್ಯಾಂಡಲ್ ಸರ್ವರ್ ಚಾಲೂ ಮಾಡಿ. ಫೈರ್‌ವಾಲ್‌ನಲ್ಲಿ 2641ನೇ ಪೋರ್ಟ್ ತೆರೆದಿರಬೇಕು, ಇದನ್ನು ಕಂಪ್ಯೂಟರ್ ವಿಭಾಗದವರಿಗೆ ಬರವಣಿಗೆಯಲ್ಲೇ ಕೊಡಿ. ಈಗಾಗಲೇ ಏರಿಸಿದ್ದರ ಬಗ್ಗೆ ಚಿಂತೆ ಬೇಡ. ಹಳೇ ಪ್ರಿಫಿಕ್ಸ್ ತೆಗೆದು ಹೊಸದನ್ನು ಎಲ್ಲಕ್ಕೂ ಒಂದೇ ಸಲ ಹಾಕುವ ಕಮಾಂಡ್ ಡಿಸ್ಪೇಸ್‌ನಲ್ಲೇ ಇದೆ. ಬ್ಯಾಕಪ್ ತೆಗೆದುಕೊಂಡೇ ಅದನ್ನು ಓಡಿಸಿ.

ಶುಲ್ಕಕ್ಕೆ ಮಂಜೂರಾತಿ ಸಿಗುವುದೇ ಕಷ್ಟ ಅನ್ನುವ ಕಾಲೇಜುಗಳು ಆರ್ಕ್ ಬಗ್ಗೆ ಯೋಚಿಸಬಹುದು. 2001ರಲ್ಲಿ ಶುರುವಾದದ್ದು. ಸಂಸ್ಥೆಯ ಸಂಖ್ಯೆ ಪಡೆಯಲು ದುಡ್ಡಿಲ್ಲ, ಒಂದು ಅರ್ಜಿ ತುಂಬಿ ಕಳಿಸಿದರೆ ಸಾಕು. ಚಿಕ್ಕವರಿಗೆ ಮಾತ್ರ ಅಂದುಕೊಳ್ಳಬೇಡಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಡಿಜಿಟಲ್ ಸಂಗ್ರಹಕ್ಕೆಲ್ಲ ಆರ್ಕ್ ಕೊಡುತ್ತದೆ. ಅವರ ಸಂಖ್ಯೆ 12148.

ಆದರೆ ಪ್ರಿಫಿಕ್ಸ್ ತಂದುಬಿಟ್ಟರೆ ಕೆಲಸ ಮುಗಿಯಿತು ಅಂತಲ್ಲ. ಇದನ್ನು ನನಗೆ ಕಲಿಸಿದ್ದು ಒಂದು ನಷ್ಟ. ನಾನಿದ್ದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬರೆದ 40 ವರ್ಷದ ವಾರ್ಷಿಕ ಸಂಚಿಕೆಗಳನ್ನು ನಾವೇ ಸ್ಕ್ಯಾನ್ ಮಾಡಿ ಕಾಲೇಜಿನ ತಾಣದಲ್ಲಿ ಹಾಕಿದ್ದೆವು. ಹಳೇ ವಿದ್ಯಾರ್ಥಿಗಳು ತಮ್ಮ ಮೊದಲ ಕವನದ ಲಿಂಕನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಳಿಸುತ್ತಿದ್ದರು. ಆಮೇಲೆ ಒಂದು ವರ್ಷ ತಾಣವನ್ನು ಹೊಸದಾಗಿ ಮಾಡಿಸಿದರು. ನೋಡಲು ತುಂಬಾ ಚೆನ್ನಾಗಿತ್ತು. ಹಳೇ ಲಿಂಕ್ ಒಂದೂ ತೆರೆಯಲಿಲ್ಲ. ಫೈಲ್‌ಗಳು ನನ್ನ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿದ್ದವು. ಆದರೆ ಯಾವ ಲಿಂಕ್ ಯಾವ ಸಂಚಿಕೆಯದು ಅನ್ನುವ ಪಟ್ಟಿ ಎಲ್ಲೂ ಇರಲಿಲ್ಲ. ಆ ಪಟ್ಟಿ ಇದ್ದಿದ್ದರೆ ಒಂದು ವಾರದಲ್ಲಿ ಎಲ್ಲ ಲಿಂಕ್‌ಗಳನ್ನೂ ಹೊಸ ಜಾಗಕ್ಕೆ ತಿರುಗಿಸಬಹುದಿತ್ತು.

ಹಾಗಾಗಿ ನಿಮ್ಮ ಪ್ರಿನ್ಸಿಪಾಲರಿಗೆ ಕೊಡುವ ಟಿಪ್ಪಣಿಯಲ್ಲಿ ಇದನ್ನು ಬರೆಯಿರಿ: ಸರ್ವರ್ ಬದಲಾದ ದಿನ ಹ್ಯಾಂಡಲ್ ದಾಖಲೆಗಳಲ್ಲಿ ವಿಳಾಸ ತಿದ್ದುವ ಕೆಲಸ ಯಾರದು? ಹುದ್ದೆಯ ಹೆಸರು ಹಾಕಿಸಿ, ವ್ಯಕ್ತಿಯ ಹೆಸರಲ್ಲ. ನೀವು ವರ್ಗವಾಗಿ ಹೋದ ಮೇಲೂ ಆ ಕುರ್ಚಿಗೆ ಬಂದವರು ಅದನ್ನು ಮಾಡಬೇಕು. ನಂಬರ್ ಕೊಡುವುದು ಒಂದು ದಿನದ ಕೆಲಸ. ಅದನ್ನು ಕಾಯುವುದು ಅಕ್ಸೆಷನ್ ರಿಜಿಸ್ಟರ್ ಕಾದ ಹಾಗೆ, ದಿನದಿನದ ಕೆಲಸ.

ಪ್ರಶ್ನೆ: ನಮ್ಮ ತಾತ 14 ವರ್ಷ ಒಂದು ಮಾಸಪತ್ರಿಕೆ ನಡೆಸಿದ್ದರು. ಅಟ್ಟದಲ್ಲಿದ್ದ ಕಟ್ಟು ಇಳಿಸಿ ಫೋನಿನಲ್ಲೇ ಸ್ಕ್ಯಾನ್ ಮಾಡುತ್ತಿದ್ದೇವೆ. ಈಗ "ತಾತ ಪತ್ರಿಕೆ ಹೊಸದು", "ತಾತ ಪತ್ರಿಕೆ ಫೈನಲ್ 2" ಅಂತ ಫೈಲ್‌ಗಳು ತುಂಬಿಹೋಗಿ ಯಾವುದು ಯಾವುದೋ ತಿಳಿಯುತ್ತಿಲ್ಲ. ಹೆಸರು ಹೇಗೆ ಇಡಬೇಕು?
— ಓದುಗರು, ಪುತ್ತೂರು

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಎಷ್ಟೋ ಮನೆಗಳಲ್ಲಿ ಇಂಥ ಕಟ್ಟು ಗೆದ್ದಲಿಗೆ ಹೋಗಿದೆ.

ಸ್ಕ್ಯಾನ್ ಎರಡು ದಿನ ನಿಲ್ಲಿಸಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಪ್ರತಿ ಸಂಚಿಕೆಗೂ ಒಂದು ಸಾಲು. ಮೊದಲ ಕಾಲಂನಲ್ಲಿ 0001, 0002 ಅಂತ ಓಡುವ ನಂಬರ್. ಮುಂದೆ ಸಂಪುಟ, ಸಂಚಿಕೆ, ತಿಂಗಳು, ವರ್ಷ, ಎಷ್ಟು ಪುಟ, ಯಾವ ಪುಟ ಹರಿದಿದೆ. ಹಳೇ ಪತ್ರಿಕೆಗಳಲ್ಲಿ ತಿಂಗಳು ಚೈತ್ರ, ವೈಶಾಖ ಅಂತ ಇದ್ದರೆ ಹಾಗೇ ಬರೆಯಿರಿ, ಸಂವತ್ಸರದ ಹೆಸರನ್ನೂ ಬಿಡಬೇಡಿ. ಫೈಲಿನ ಹೆಸರು ನಿಮ್ಮ ಮನೆತನದ ಎರಡು ಅಕ್ಷರ ಮತ್ತು ಆ ನಂಬರ್ ಮಾತ್ರ. ಬೇರೇನೂ ಬೇಡ.

ವರ್ಷ, ತಿಂಗಳು, ಪತ್ರಿಕೆಯ ಹೆಸರು ಎಲ್ಲ ಫೈಲಿನ ಹೆಸರಲ್ಲೇ ಇದ್ದರೆ ಅನುಕೂಲ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಮೊದಮೊದಲು ಅನುಕೂಲವೇ. ಆಮೇಲೆ ಒಂದು ದಿನ 1938 ಅಂದುಕೊಂಡಿದ್ದ ಸಂಚಿಕೆ 1939ರದ್ದು ಅಂತ ಗೊತ್ತಾಗುತ್ತದೆ. ಹೆಸರು ತಿದ್ದಿದರೆ ಅಷ್ಟರೊಳಗೆ ಯಾರಿಗೋ ಕಳಿಸಿದ್ದ ಗುರುತು ಸುಳ್ಳಾಗುತ್ತದೆ. ತಿದ್ದದಿದ್ದರೆ ಹೆಸರೇ ಸುಳ್ಳು ಹೇಳುತ್ತಾ ಕೂರುತ್ತದೆ. ನಂಬರಿಗೆ ಅರ್ಥ ಇಲ್ಲದಿದ್ದರೆ ಅದು ಎಂದೂ ತಪ್ಪಾಗುವುದಿಲ್ಲ. ತಪ್ಪು ತಿದ್ದುವುದು ನೋಟ್‌ಬುಕ್‌ನ ಸಾಲಿನಲ್ಲಿ.

ಆರ್ಕ್ ಬಳಸುವ ಎಷ್ಟೋ ಗ್ರಂಥಾಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಗುರುತಿನಲ್ಲಿ ಇಂಗ್ಲಿಷಿನ ಸ್ವರಾಕ್ಷರಗಳನ್ನೇ ಬಳಸುವುದಿಲ್ಲ. ಸ್ವರ ಇಲ್ಲದಿದ್ದರೆ ಗೊತ್ತಿಲ್ಲದೆ ಯಾವುದೋ ಪದ, ಬೈಗುಳ ಮೂಡಿಬಿಡುವ ಭಯ ಇಲ್ಲ. ಒಂದು ಅಂಕಿಯ ಹಾಗೆ ಕಾಣುವ ಅಕ್ಷರವನ್ನೂ ಬಿಡುತ್ತವೆ. ಕೊನೆಗೆ ಒಂದು ತಾಳೆ ನೋಡುವ ಅಕ್ಷರ ಸೇರಿಸುತ್ತವೆ. ಬರೆಯುವಾಗ ಒಂದು ಅಕ್ಷರ ತಪ್ಪಿದರೂ, ಎರಡು ಹಿಂದುಮುಂದಾದರೂ ಅದು ಹಿಡಿದುಕೊಡುತ್ತದೆ.

ಕನ್ನಡದವರಿಗೆ ಇನ್ನೊಂದು ಕಾರಣವೂ ಇದೆ. ಪತ್ರಿಕೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೂಡಲೇ ತೊಂದರೆ ಶುರು. "ಳ"ಕ್ಕೂ "ಲ"ಕ್ಕೂ ಒಂದೇ ಅಕ್ಷರ, "ತ"ಕ್ಕೂ "ಟ"ಕ್ಕೂ ಒಂದೇ. ದೀರ್ಘಕ್ಕೆ ಒಬ್ಬರು ಅಕ್ಷರ ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಬರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಮೂರು ಜನ ಸ್ಕ್ಯಾನ್ ಮಾಡಿದರೆ ಮೂರು ಕಾಗುಣಿತ ಬರುತ್ತದೆ. ನಂಬರಿಗೆ ಕಾಗುಣಿತದ ಜಗಳವೇ ಇಲ್ಲ.

ಇಂಟರ್ನೆಟ್ ಆರ್ಕೈವ್‌ಗೆ ಏರಿಸುವ ಯೋಚನೆ ಇದ್ದರೆ ಇದು ನೆನಪಿರಲಿ. ಅಲ್ಲಿ ಪುಟದ ಗುರುತನ್ನು ಏರಿಸುವ ಹೊತ್ತಿಗೆ ನೀವೇ ಇಡಬಹುದು, ಆಮೇಲೆ ನೀವಾಗಿ ಬದಲಿಸಲು ಬರುವುದಿಲ್ಲ. ಗುರುತಿನಲ್ಲಿ ಕನ್ನಡ ಅಕ್ಷರ ಹಿಡಿಸುವುದಿಲ್ಲ. ಶೀರ್ಷಿಕೆ, ವಿವರ ಎಲ್ಲ ಕನ್ನಡದಲ್ಲೇ ಬರೆಯಿರಿ, ಗುರುತಿಗೆ ನೋಟ್‌ಬುಕ್‌ನ ನಂಬರ್ ಹಾಕಿ. ಏರಿಸುವ ಮುಂಚೆ ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮಲ್ಲಿ ಲೇಖಕರು ತೀರಿಹೋಗಿ 60 ವರ್ಷದವರೆಗೆ ಹಕ್ಕು ಇರುತ್ತದೆ. ತಾತನ ಬರಹ ನಿಮ್ಮ ಮನೆಯವರದ್ದು. ಬೇರೆ ಲೇಖಕರದ್ದಕ್ಕೆ ಅವರ ಮನೆಯವರನ್ನು ಕೇಳಬೇಕಾಗುತ್ತದೆ.

ಆ ನೋಟ್‌ಬುಕ್ ಮಾತ್ರ ಎಸೆಯಬೇಡಿ. ಅದರ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಜೊತೆಗೇ ಇಡಿ.

ಪ್ರಶ್ನೆ: ಕಿಟೆಲ್ ನಿಘಂಟು ಹುಡುಕಿದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಲವು ಪುಟ ಬರುತ್ತವೆ. ಒಂದೇ ಪುಸ್ತಕಕ್ಕೆ ಇಷ್ಟೊಂದು ಗುರುತು ಯಾಕೆ? ಯಾವುದು ಸರಿ?
— ಕನ್ನಡಿಗರು, ಸ್ಟುಟ್‌ಗಾರ್ಟ್, ಜರ್ಮನಿ

ಉತ್ತರ: ಎಲ್ಲವೂ ಸರಿ. ಒಂದೊಂದೂ ಒಂದೊಂದು ಪ್ರತಿಯ ಸ್ಕ್ಯಾನ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಪ್ರತಿಗಳು ಬೇರೆ ಬೇರೆ ಲೈಬ್ರರಿಗಳಲ್ಲಿವೆ. ಆಮೇಲೆ ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸು ವಿಶ್ವವಿದ್ಯಾಲಯ ತಂದ ನಾಲ್ಕು ಸಂಪುಟಗಳೇ ಬೇರೆ. ಒಂದು ಸ್ಕ್ಯಾನ್‌ನಲ್ಲಿ ಮಸುಕಾದ ಪುಟ ಇನ್ನೊಂದರಲ್ಲಿ ಚೆನ್ನಾಗಿರುತ್ತದೆ. ಹಾಗಾಗಿ ಪ್ರತಿಗಳು ಇರಲಿ. ನೀವು ಉಲ್ಲೇಖಿಸುವಾಗ ನೋಡಿದ ಪ್ರತಿಯ ಗುರುತನ್ನೇ ಕೊಡಿ, ವರ್ಷ ಹಾಕಿ.

"ಈ ಎಲ್ಲವೂ ಒಂದೇ ಕೃತಿ" ಅನ್ನುವುದಕ್ಕೂ ಒಂದು ಗುರುತು ಬೇಕಾಗುತ್ತದೆ. ಆ ಕೆಲಸವನ್ನು ವಿಕಿಡೇಟಾ ಮಾಡುತ್ತದೆ. ಅಲ್ಲಿ ಕ್ಯೂ ಅಕ್ಷರ ಮತ್ತು ಒಂದು ಸಂಖ್ಯೆ. ನಮ್ಮ ಕನ್ನಡ ಭಾಷೆಗೇ ಅಲ್ಲಿ ಕ್ಯೂ 33673 ಅಂತ ಗುರುತಿದೆ. ಯಾವ ಭಾಷೆಯಲ್ಲಿ ಹೆಸರು ಬರೆದರೂ ಅದು ಇದೇ ಕನ್ನಡ.

ನೀವಿರುವ ಊರಿನಿಂದ ಟ್ಯೂಬಿಂಗನ್ ಹತ್ತಿರ ಅಲ್ವಾ? ಅಲ್ಲಿನ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ 2018ರಲ್ಲಿ ಶುರುವಾಯಿತು. 19ನೇ ಶತಮಾನದ ಜರ್ಮನ್ ಮಿಷನರಿ ಹೆರ್ಮನ್ ಗುಂಡರ್ಟ್ ಅವರ ಸಂಗ್ರಹದಲ್ಲಿ ಮಲಯಾಳಂ ಜೊತೆ ಕನ್ನಡ, ತುಳು ಪುಸ್ತಕಗಳೂ ಇವೆ, ಕಾಯಂ ಗುರುತಿನ ಸಮೇತ. ಒಂದು ಭಾನುವಾರ ಅದನ್ನು ನೋಡುತ್ತಾ ಕೂತಿರಿ.

ಪ್ರಶ್ನೆ: "ಕಾಯಂ" ಅನ್ನುತ್ತೀರಲ್ಲ ಮೇಡಂ, ನಿಜವಾಗಲೂ ಎಂದೆಂದಿಗೂ ಉಳಿಯುತ್ತಾ?
— ಓದುಗರು, ತುಮಕೂರು

ಉತ್ತರ: ನೋಡಿಕೊಳ್ಳುವವರು ಇರುವ ತನಕ ಉಳಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಅಲ್ಲಿನ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ಗುರುತು ಇದ್ದರೂ ಅದು ತೋರಿಸುವ ಬಾಗಿಲು ಮುಚ್ಚಿತ್ತು. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೂ ದಾಳಿ ನಡೆದು ಕೆಲವು ದಿನ ಬಂದ್ ಆಗಿತ್ತು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಒಳ್ಳೆಯ ಉದಾಹರಣೆಯೂ ಇದೆ. ಅಮೆರಿಕದ ಓಸಿಎಲ್‌ಸಿ ಅನ್ನುವ ಗ್ರಂಥಾಲಯ ಸಂಸ್ಥೆ 1995ರಲ್ಲಿ ಪರ್ಲ್ ಅನ್ನುವ ಕಾಯಂ ಲಿಂಕ್‌ಗಳನ್ನು ಶುರು ಮಾಡಿತ್ತು. 20 ವರ್ಷ ನಡೆಸಿ, 2016ರಲ್ಲಿ ಆ ಕೆಲಸವನ್ನು ಇಂಟರ್ನೆಟ್ ಆರ್ಕೈವ್‌ಗೆ ಒಪ್ಪಿಸಿತು. ನಡೆಸುವವರು ಬದಲಾದರೂ ಲಿಂಕ್‌ಗಳು ಮುಂದುವರಿದವು. ಹೊಸ ಪೂಜಾರಿ ಬಂದರೂ ದೀಪ ಆರದ ಹಾಗೆ.

ಪ್ರಶ್ನೆ: ನಾನು ನರ್ಸ್ ಆಗಿದ್ದಾಗ ಹಳ್ಳಿ ಹಳ್ಳಿ ಸುತ್ತುತ್ತಾ ಬೀಸುವ ಕಲ್ಲಿನ ಪದ, ಸೋಬಾನೆ ಪದ ಸುಮಾರು 140 ರೆಕಾರ್ಡ್ ಮಾಡಿಕೊಂಡಿದ್ದೇನೆ. ಪುಸ್ತಕವೇ ಅಲ್ಲ, ಬರೀ ಧ್ವನಿ. ಇಂಥದ್ದಕ್ಕೂ ಡಿಒಐ ಸಿಗುತ್ತಾ?
— ಓದುಗರು, ಚಿಕ್ಕೋಡಿ

ಉತ್ತರ: ಸಿಗುತ್ತದೆ ಅಕ್ಕಾವ್ರೇ, ದುಡ್ಡೂ ಇಲ್ಲದೆ. ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆ ನಡೆಸುವ ಜೆನೊಡೊ ಅನ್ನುವ ಸಂಗ್ರಹ 2013ರಿಂದ ಇದೆ. ಯಾವ ವಿಷಯದ ಸಂಶೋಧನಾ ಸಾಮಗ್ರಿ ಆದರೂ ಅಲ್ಲಿ ಇಡಬಹುದು. ಧ್ವನಿಯ ಜೊತೆ ಪದದ ಸಾಹಿತ್ಯ, ನಿಮ್ಮ ಟಿಪ್ಪಣಿ ಸೇರಿಸಿದರೆ ನಿಮ್ಮದು ಅಪ್ಪಟ ಕ್ಷೇತ್ರಕಾರ್ಯ. ಏರಿಸಿದ ಕೂಡಲೇ ಡಿಒಐ ಬರುತ್ತದೆ. 140ಕ್ಕೂ ಬೇರೆ ಬೇರೆ ದಾಖಲೆ ಬೇಡ, ಹಾಗಂತ ಎಲ್ಲ ಒಂದರಲ್ಲೇ ತುಂಬುವುದೂ ಬೇಡ. ಊರಿಗೊಂದು ದಾಖಲೆ ಮಾಡಿ. ಮುಂದೆ ಒಂದು ಪದ ಸೇರಿಸಬೇಕು, ಸಾಹಿತ್ಯ ತಿದ್ದಬೇಕು ಅನ್ನಿಸಿದರೆ ಹೊಸ ದಾಖಲೆ ತೆರೆಯಬೇಡಿ, ಅದೇ ದಾಖಲೆಯಲ್ಲಿ "ನ್ಯೂ ವರ್ಷನ್" ಒತ್ತಿ. ಪ್ರತಿ ಆವೃತ್ತಿಗೂ ಒಂದು ಡಿಒಐ, ಎಲ್ಲ ಆವೃತ್ತಿಗೂ ಸೇರಿ ಒಂದು ಡಿಒಐ ಅಲ್ಲಿ ಸಿಗುತ್ತದೆ. ಯಾರಿಗಾದರೂ ಒಟ್ಟು ಸಂಗ್ರಹ ತೋರಿಸುವಾಗ ಎರಡನೆಯದನ್ನು ಕೊಡಿ.

ನಿಮ್ಮ ಹೆಸರಿಗೂ ಒಂದು ಕಾಯಂ ಗುರುತು ಮಾಡಿಸಿಕೊಳ್ಳಿ. ಆರ್ಕಿಡ್ ಅಂತ, 16 ಅಂಕಿ, ಉಚಿತ. ನಿಮ್ಮದೇ ಹೆಸರು, ಇನಿಷಿಯಲ್ ಇರುವವರು ಎಷ್ಟು ಜನ ಇದ್ದರೂ ಈ ಸಂಗ್ರಹ ನಿಮ್ಮದು ಅಂತ ಗೊತ್ತಾಗುತ್ತದೆ.

ಏರಿಸುವ ಮುಂಚೆ ಹಾಡಿದವರನ್ನು ಕೇಳಿ. ಅವರು ಇಲ್ಲದಿದ್ದರೆ ಮಕ್ಕಳನ್ನು, ಮೊಮ್ಮಕ್ಕಳನ್ನು ಕೇಳಿ. ಒಪ್ಪಿದವರ ಪೂರ್ತಿ ಹೆಸರು, ಊರು, ಹಾಡಿದ ದಿನ ಎಲ್ಲ ವಿವರದಲ್ಲಿ ಬರೆಯಿರಿ. "ರಚಿಸಿದವರು" ಅನ್ನುವ ಜಾಗದಲ್ಲಿ ನಿಮ್ಮ ಹೆಸರು ಮಾತ್ರ ಹಾಕಿ ಬಿಡಬೇಡಿ, ಹಾಡಿದವರದ್ದೂ ಹಾಕಿ. ಆಮೇಲೆ ಡಿಒಐಯನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಅವರ ಮನೆಗೆ ಕೊಟ್ಟು ಬನ್ನಿ. ಮನೆಯ ಹುಡುಗರು ಫೋನಿನಲ್ಲಿ ಹಾಕಿ ಅಜ್ಜಿಯ ದನಿ ಕೇಳಿಸುತ್ತಾರೆ.